ಅಂಬೆಗಾಲಿನಿಂದ ಹೆಜ್ಜೆಗೆ: ಮಗುವಿಗೆ ನೆಲ ಬಿಟ್ಟುಕೊಡಿ

ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ನಡೀತಾನಾ?" ಇನ್ನೂ ಇಲ್ಲ ಎಂದರೆ ಸಲಹೆಗಳು ಶುರು. "ನಮ್ಮವನು ಹತ್ತು ತಿಂಗಳಿಗೇ ಓಡಾಡ್ತಿದ್ದ", "ಒಂದು ವಾಕರ್ ತಂದುಬಿಡಿ", "ಕಾಲಿಗೆ ಎಣ್ಣೆ ಸರಿಯಾಗಿ ತಿಕ್ತಿಲ್ಲ ಅನ್ಸತ್ತೆ". ಚೊಚ್ಚಲ ಮಗುವಿನ ತಾಯಿಯ ನಿದ್ದೆ ಕೆಡಲು ಇಷ್ಟೇ ಸಾಕು.

ಆರೋಗ್ಯವಾಗಿರುವ ಮಗುವಿಗೆ ನಡಿಗೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅದಕ್ಕೆ ಬೇಕಾಗಿರುವುದು ಓಡಾಡಲು ನೆಲ, ಬಿದ್ದು ಏಳಲು ಸಮಯ, ಕಣ್ಣಿಟ್ಟು ಕಾಯುವ ಮನೆಯವರು. ಅದರ ಜೊತೆಗೆ, ಎಲ್ಲಿಯವರೆಗೆ ನಿಶ್ಚಿಂತೆಯಿಂದ ಕಾಯಬಹುದು, ಯಾವಾಗ ವೈದ್ಯರ ಹತ್ತಿರ ಹೋಗಲೇಬೇಕು ಎನ್ನುವುದು ಮನೆಯವರಿಗೆ ಗೊತ್ತಿರಬೇಕು. ಈ ಲೇಖನ ಇರುವುದು ಅದಕ್ಕಾಗಿಯೇ.

ಯಾವ ತಿಂಗಳಿಗೆ ಏನು?

ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ, ಅವರು ಕೂರುವ, ನಿಲ್ಲುವ, ನಡೆಯುವ ವಯಸ್ಸನ್ನು 2006ರಲ್ಲಿ ಪ್ರಕಟಿಸಿತು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. ಆ ಅಧ್ಯಯನದ ಪ್ರಕಾರ:

- ಆಸರೆಯಿಲ್ಲದೆ ಕೂರುವುದು: 3.8ರಿಂದ 9.2 ತಿಂಗಳು
- ಏನನ್ನಾದರೂ ಹಿಡಿದು ನಿಲ್ಲುವುದು: 4.8ರಿಂದ 11.4 ತಿಂಗಳು
- ಕೈ-ಮಂಡಿ ಊರಿ ಅಂಬೆಗಾಲಿಡುವುದು: 5.2ರಿಂದ 13.5 ತಿಂಗಳು
- ಹಿಡಿದುಕೊಂಡು ನಡೆಯುವುದು: 5.9ರಿಂದ 13.7 ತಿಂಗಳು
- ಒಂಟಿಯಾಗಿ ನಿಲ್ಲುವುದು: 6.9ರಿಂದ 16.9 ತಿಂಗಳು
- ಒಂಟಿಯಾಗಿ ನಡೆಯುವುದು: 8.2ರಿಂದ 17.6 ತಿಂಗಳು

ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ. ಒಂಬತ್ತನೇ ತಿಂಗಳಿಗೆ ನಡೆದ ಮಗುವೂ ಸರಿ, ಹದಿನೇಳನೇ ತಿಂಗಳಿಗೆ ನಡೆದ ಮಗುವೂ ಸರಿ. ಮೊದಲು ನಡೆದ ಮಗು ಹೆಚ್ಚು ಜಾಣ, ತಡವಾಗಿ ನಡೆದದ್ದು ಮಂಕು ಎನ್ನಲು ಯಾವ ಆಧಾರವೂ ಇಲ್ಲ. ಒಂದೇ ಮನೆಯ ಅಕ್ಕ-ತಮ್ಮಂದಿರ ನಡುವೆಯೇ ನಾಲ್ಕೈದು ತಿಂಗಳ ವ್ಯತ್ಯಾಸ ಇರಬಹುದು.

ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಇವತ್ತು ಹನ್ನೆರಡು ತಿಂಗಳಾಗಿದ್ದರೆ, ಅದನ್ನು ಹತ್ತು ತಿಂಗಳ ಮಗು ಎಂದೇ ಎಣಿಸಬೇಕು. ಎರಡು ವರ್ಷ ತುಂಬುವವರೆಗೆ ವೈದ್ಯರೂ ಹೀಗೆಯೇ ಲೆಕ್ಕ ಹಾಕುತ್ತಾರೆ.

ಅಂಬೆಗಾಲಿನಲ್ಲೂ ಹಲವು ಬಗೆ

ಮಗುವಿನ ಹಿಡಿತ ತಲೆಯಿಂದ ಕಾಲಿನ ಕಡೆಗೆ ಇಳಿಯುತ್ತ ಬರುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೋರಲು ಬೀಳುತ್ತದೆ, ಸೊಂಟ ಗಟ್ಟಿಯಾಗಿ ಕೂರುತ್ತದೆ. ಅದಾದ ಮೇಲೆ ಮುಂದಕ್ಕೆ ಹೋಗುವ ತವಕ.

ಕೆಲವು ಮಕ್ಕಳು ಮೊದಮೊದಲು ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಮೊಣಕೈಯಲ್ಲಿ ಎಳೆದುಕೊಂಡು ತೆವಳುತ್ತವೆ. ಕೆಲವಕ್ಕೆ ಕೈಯ ಬಲ ಕಾಲಿಗಿಂತ ಹೆಚ್ಚಿರುವುದರಿಂದ ಮುಂದಿರುವ ಆಟಿಕೆಗೆ ಆಸೆಪಟ್ಟು ಹಿಂದಕ್ಕೇ ಜಾರುತ್ತ ಹೋಗುತ್ತವೆ. ಮಂಡಿ ಊರದೆ, ಅಂಗಾಲು-ಅಂಗೈ ಊರಿ ಬೆನ್ನೆತ್ತಿ ಓಡುವ ಮಕ್ಕಳೂ ಇವೆ. ಇನ್ನು ಕೆಲವು ಕೂತಲ್ಲಿಂದಲೇ ಕುಂಡೆಯ ಮೇಲೆ ದೇಕುತ್ತ ಮನೆಯೆಲ್ಲ ಸುತ್ತುತ್ತವೆ. ಹೀಗೆ ದೇಕುವ ಮಕ್ಕಳು ಸಾಮಾನ್ಯವಾಗಿ ಸ್ವಲ್ಪ ತಡವಾಗಿ ನಡೆಯುತ್ತವೆ. ಅಪ್ಪನೋ ಅಮ್ಮನೋ ಚಿಕ್ಕವರಿದ್ದಾಗ ಹೀಗೇ ದೇಕುತ್ತಿದ್ದರು ಎಂದು ಅಜ್ಜಿ ನೆನಪಿಸಿಕೊಳ್ಳುವುದೂ ಉಂಟು.

ಅಂಬೆಗಾಲಿಡದೆ ನೇರವಾಗಿ ಎದ್ದು ನಿಂತು ನಡೆಯುವ ಮಕ್ಕಳೂ ಇದ್ದಾರೆ. ಮೇಲೆ ಹೇಳಿದ ಅಧ್ಯಯನದಲ್ಲಿ ಶೇ. 4.3ರಷ್ಟು ಮಕ್ಕಳು ಕೈ-ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ. ಹಾಗಾಗಿ ಅಂಬೆಗಾಲು ತಪ್ಪಿತೆಂಬ ಒಂದೇ ಕಾರಣಕ್ಕೆ ಹೆದರಬೇಡಿ. ಗಮನಿಸಬೇಕಾದದ್ದು ಬೇರೆ: ಮಗು ಎರಡೂ ಕೈ, ಎರಡೂ ಕಾಲನ್ನು ಸಮನಾಗಿ ಬಳಸುತ್ತಿದೆಯೇ? ಒಂದು ಕಾಲನ್ನು ಸದಾ ಎಳೆದುಕೊಂಡೇ ಸಾಗುತ್ತಿದ್ದರೆ, ಒಂದು ಕೈಯ ಮುಷ್ಟಿ ಬಿಚ್ಚದೆ ಅದನ್ನು ಊರದಿದ್ದರೆ ವೈದ್ಯರಿಗೆ ತೋರಿಸಿ.

ಬಹುಪಾಲು ಮಕ್ಕಳಿಗೆ ಅಂಬೆಗಾಲು ಒಳ್ಳೆಯ ತಾಲೀಮು. ಭುಜ, ಮಣಿಕಟ್ಟು, ಸೊಂಟಕ್ಕೆ ಭಾರ ಹೊರುವ ಅಭ್ಯಾಸವಾಗುತ್ತದೆ. ಬಲಗೈಯ ಜೊತೆ ಎಡಗಾಲು, ಎಡಗೈಯ ಜೊತೆ ಬಲಗಾಲು ಎನ್ನುವ ಹೊಂದಾಣಿಕೆ ಬರುತ್ತದೆ. ಯಾವುದು ಹತ್ತಿರ, ಯಾವುದು ದೂರ ಎಂಬ ಅಂದಾಜು ಸಿಗುತ್ತದೆ. ಆದ್ದರಿಂದ ನಡೆಯಲಿ ಎಂದು ಆತುರಪಟ್ಟು ಅಂಬೆಗಾಲಿನ ದಿನಗಳನ್ನು ಮೊಟಕು ಮಾಡುವುದು ಬೇಡ.

ಎದ್ದು ನಿಂತಿತು, ಈಗ ಕೂರುವುದು ಹೇಗೆ?

ಒಂಬತ್ತು-ಹತ್ತು ತಿಂಗಳ ಆಸುಪಾಸಿನಲ್ಲಿ ಮಗು ದಿವಾನದ ಅಂಚನ್ನೋ ಅಮ್ಮನ ಸೀರೆಯನ್ನೋ ಹಿಡಿದು, ಒಂದು ಮಂಡಿ ಊರಿ, ಇನ್ನೊಂದು ಪಾದವನ್ನು ನೆಲಕ್ಕೊತ್ತಿ ಮೇಲೇಳುತ್ತದೆ. ಕಾಲ್ಬೆರಳು ನೆಲವನ್ನು ಕಚ್ಚಿ ಹಿಡಿದಿರುತ್ತವೆ, ಮಂಡಿ ನಡುಗುತ್ತಿರುತ್ತದೆ, ಮುಖದಲ್ಲಿ ಮಾತ್ರ ಗೆದ್ದ ಖುಷಿ. ಎರಡು ನಿಮಿಷಕ್ಕೆ ಅಳು ಶುರು. ಏಳಲು ಬಂತು, ಕೂರಲು ಗೊತ್ತಿಲ್ಲ! ರಾತ್ರಿ ನಿದ್ದೆಯ ನಡುವೆ ತೊಟ್ಟಿಲಿನ ಕಟಕಟೆ ಹಿಡಿದು ನಿಂತು ಅಳುವುದೂ ಇದೇ ಕಾರಣಕ್ಕೆ. ಹೊಸದಾಗಿ ಕಲಿತದ್ದನ್ನು ಮಗು ಹಗಲು ರಾತ್ರಿಯೆನ್ನದೆ ಮಾಡಿ ನೋಡುತ್ತದೆ.

ಆಗ ತಟ್ಟನೆ ಎತ್ತಿಕೊಳ್ಳಬೇಡಿ. ಹಿಂದೆ ಕೂತು, ಎರಡೂ ಕೈಯಿಂದ ಸೊಂಟ ಹಿಡಿದು, ಮಂಡಿ ನಿಧಾನಕ್ಕೆ ಮಡಿಸುವಂತೆ ಮಾಡಿ ಕೂರಿಸಿ. ನಿಂತಿರುವಾಗ ಕಾಲ ಬಳಿ ಅದಕ್ಕಿಷ್ಟವಾದ ಡಬ್ಬಿಯನ್ನೋ ಚಮಚವನ್ನೋ ಇಟ್ಟರೆ ಅದನ್ನು ತೆಗೆಯಲು ತಾನೇ ಬಗ್ಗುತ್ತದೆ. ಹೀಗೆ ಬಗ್ಗಿ ಏಳುವಾಗಲೇ ತೊಡೆಗೆ ಬಲ ಬರುವುದು. ಮಗು ತೊಟ್ಟಿಲಲ್ಲಿ ಕಟಕಟೆ ಹಿಡಿದು ಏಳತೊಡಗಿದರೆ, ಇನ್ನು ತೂಗುವ ತೊಟ್ಟಿಲು ಸುರಕ್ಷಿತವಲ್ಲ ಎಂದೇ ತಿಳಿಯಿರಿ.

ಮುಂದಿನ ಮಜಲು ಹಿಡಿದುಕೊಂಡು ನಡೆಯುವುದು. ಮಗು ಸೋಫಾದ ಅಂಚಿಗೆ ಅಂಟಿಕೊಂಡು ಪಕ್ಕಕ್ಕೆ ಹೆಜ್ಜೆ ಹಾಕುತ್ತದೆ. ಮೊದಲು ಎರಡೂ ಕೈಯ ಆಸರೆ, ಆಮೇಲೆ ಒಂದು ಕೈ, ಕೊನೆಗೆ ಬೆರಳ ತುದಿ ತಾಗಿದ್ದರೆ ಸಾಕು. ಒಂದು ದಿನ ಆಟದ ಗುಂಗಿನಲ್ಲಿ ಎರಡೂ ಕೈಯಲ್ಲಿ ಆಟಿಕೆ ಹಿಡಿದು, ಆಸರೆ ಬಿಟ್ಟದ್ದೇ ಮರೆತು ನಿಂತಿರುತ್ತದೆ.

ಮೊದಲ ಹೆಜ್ಜೆಗಳು

ಒಂಟಿಯಾಗಿ ನಡೆಯತೊಡಗಿದ ಮಗುವನ್ನು ಗಮನಿಸಿ. ಕಾಲು ಅಗಲ, ಹೊಟ್ಟೆ ಮುಂದೆ, ಎರಡೂ ಕೈ ಭುಜದ ಎತ್ತರಕ್ಕೆ. ಹಿಮ್ಮಡಿ ಮೊದಲು ಊರುವುದಿಲ್ಲ. ಇಡೀ ಪಾದ ತಪತಪ ಎಂದು ನೆಲಕ್ಕೆ ಬೀಳುತ್ತದೆ. ದೊಂಬರಾಟದವನು ಹಗ್ಗದ ಮೇಲೆ ಕೋಲು ಹಿಡಿದು ತೂಗಿಸಿಕೊಳ್ಳುವಂತೆ, ಮಗು ತನ್ನ ತೋಳುಗಳಿಂದ ತೂಗಿಸಿಕೊಳ್ಳುತ್ತಿರುತ್ತದೆ. ಅಭ್ಯಾಸವಾದಂತೆ ಕೈ ಕೆಳಗಿಳಿಯುತ್ತದೆ, ಕಾಲು ಹತ್ತಿರವಾಗುತ್ತದೆ, ಹಿಮ್ಮಡಿ ಊರಿ ನಡೆಯುವುದು ಬರುತ್ತದೆ. ದೊಡ್ಡವರಂಥ ನಡಿಗೆ ಕೂಡಿಬರಲು ಏಳು ವರ್ಷದ ಹತ್ತಿರ ಹಿಡಿಯುತ್ತದೆ.

ಇದಕ್ಕಾಗಿ ಮಗು ಪಡುವ ಶ್ರಮ ಸಣ್ಣದಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ಆಡುವುದನ್ನು ನೋಡಿ ಹೆಜ್ಜೆ ಎಣಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕಿತ್ತು, 17 ಸಲ ಬಿದ್ದಿತ್ತು. ಅಷ್ಟು ಬಿದ್ದು ಅಷ್ಟು ಎದ್ದರೇ ನಡಿಗೆ ಕೈಗೂಡುವುದು. ಇಡೀ ದಿನ ಸೊಂಟದ ಮೇಲೆಯೇ ಇರುವ ಮಗುವಿಗೆ ಈ ಅಭ್ಯಾಸ ಎಲ್ಲಿಂದ ಬರಬೇಕು? ಅಜ್ಜಿ, ಅತ್ತೆ, ಚಿಕ್ಕಪ್ಪ ಎಂದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುವ ಮಗುವನ್ನೂ ದಿನಕ್ಕೆ ಹಲವು ಸಲ ನೆಲಕ್ಕೆ ಬಿಡಲೇಬೇಕು.

ನಡೆಯಲು ಶುರುವಾದ ಮೇಲೂ ಮಗು ಅವಸರವಿದ್ದಾಗ ಅಂಬೆಗಾಲಿಗೇ ಮರಳುತ್ತದೆ. ಜ್ವರ ಬಂದು ಎದ್ದ ಮೇಲೆ, ಊರಿಗೆ ಹೋಗಿ ಬಂದ ಮೇಲೆ ಒಂದೆರಡು ದಿನ ನಡೆಯಲು ಒಲ್ಲದಿರಬಹುದು. ಮತ್ತೆ ತಾನೇ ಏಳುತ್ತದೆ.

ಮನೆಯಲ್ಲಿ ಏನು ಮಾಡಬಹುದು?

- ಪ್ರತಿದಿನ ಚಾಪೆಯ ಮೇಲೆ, ನೆಲದ ಮೇಲೆ ಆಡಲು ಬಿಡಿ. ಎಚ್ಚರವಿದ್ದಾಗ ಸ್ವಲ್ಪ ಹೊತ್ತು ಬೋರಲು ಮಲಗಿಸುವುದನ್ನು ಎಳೆಯ ತಿಂಗಳಿನಿಂದಲೇ ರೂಢಿಸಿ.
- ಆಟಿಕೆಯನ್ನು ಕೈಗೆ ಕೊಡುವ ಬದಲು ಕೈಗೆ ಸ್ವಲ್ಪದರಲ್ಲೇ ಎಟುಕದಷ್ಟು ದೂರದಲ್ಲಿಡಿ. ಮಗು ನಿಲ್ಲುವ ಹಂತಕ್ಕೆ ಬಂದಾಗ ಅದನ್ನು ದಿವಾನದ ಮೇಲಿಡಿ.
- ಅಲುಗಾಡದ ಎರಡು ಆಸರೆಗಳನ್ನು ಹತ್ತಿರ ಇಟ್ಟು, ದಿನ ಕಳೆದಂತೆ ನಡುವಿನ ಅಂತರವನ್ನು ಒಂದೊಂದು ಗೇಣು ಹೆಚ್ಚಿಸಿ. ಪ್ಲಾಸ್ಟಿಕ್ ಕುರ್ಚಿ ಆಗದು, ಮಗುವಿನ ಮೇಲೆಯೇ ಮಗುಚಬಹುದು.
- ಕೈ ಹಿಡಿದು ನಡೆಸುವಾಗ ತೋಳನ್ನು ತಲೆಯ ಮೇಲಕ್ಕೆ ಎಳೆಯಬೇಡಿ. ಹಾಗೆ ನೇತು ಹಾಕಿದರೆ ಭಾರ ಕಾಲಿಗೆ ಬೀಳುವುದಿಲ್ಲ. ಮುಂಗೈ ಹಿಡಿದು ತಟಕ್ಕನೆ ಎಳೆದರೆ ಮೊಣಕೈ ಕೀಲು ಜಾರುವ ಅಪಾಯವೂ ಇದೆ. ಮಗುವಿನ ಎದುರು ಕೂತು, ಅದರ ಎದೆಯ ಎತ್ತರದಲ್ಲಿ ನಿಮ್ಮ ಬೆರಳು ಕೊಡಿ. ಇಲ್ಲವೆ ಹಿಂದಿನಿಂದ ಸೊಂಟ ಹಿಡಿಯಿರಿ.
- ಎಣ್ಣೆ ನೀವುವುದು ಮಗುವಿಗೆ ಹಿತ. ಆದರೆ ನೀವಿದ ಮೇಲೆ ಅಂಗಾಲು ಒರೆಸದೆ ಟೈಲ್ಸ್ ನೆಲದ ಮೇಲೆ ಬಿಡಬೇಡಿ. ಕಾಲು ಸೊಟ್ಟ ಎಂದು ಒತ್ತಿ ನೇರ ಮಾಡುವುದು, ಜಗ್ಗುವುದು ಖಂಡಿತ ಬೇಡ.
- ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಮೇಲಾಹಾರ ಕೊಡಲೇಬೇಕು. ರಾಗಿ ಸರಿ ಒಳ್ಳೆಯದು, ಅದೊಂದೇ ಸಾಲದು. ಬೇಳೆ, ಸೊಪ್ಪು, ತುಪ್ಪ, ತಿನ್ನುವವರಾದರೆ ಮೊಟ್ಟೆ ಸೇರಲಿ. ರಕ್ತಹೀನತೆಯಿರುವ ಮಗು ಬೇಗ ಸೋಲುತ್ತದೆ, ಆಟದಲ್ಲಿ ಹಿಂದೆ ಬೀಳುತ್ತದೆ. ಮೊದಲ ವರ್ಷ ದಿನಕ್ಕೆ 400 ಐಯು ವಿಟಮಿನ್ ಡಿ ಕೊಡುವುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ವೈದ್ಯರು ಹೇಳಿದ ಅಳತೆಯಲ್ಲೇ ಹಾಕಿ.

ವಾಕರ್ ಬೇಡವೇ ಬೇಡ

ಮಗುವನ್ನು ನಡುವೆ ಕೂರಿಸುವ, ಸುತ್ತ ಚಕ್ರಗಳಿರುವ ವಾಕರ್ ಅನ್ನು ನಾಮಕರಣಕ್ಕೋ ಹುಟ್ಟುಹಬ್ಬಕ್ಕೋ ಪ್ರೀತಿಯಿಂದಲೇ ಯಾರೋ ತಂದುಕೊಡುತ್ತಾರೆ. ಕೆನಡಾ ಅದರ ಮಾರಾಟವನ್ನು 2004ರಲ್ಲೇ ನಿಷೇಧಿಸಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ನಿಷೇಧ ಬೇಕೆಂದು ಕೇಳುತ್ತ ಬಂದಿದೆ. ಕಾರಣ ಸ್ಪಷ್ಟ. ವಾಕರಿನಲ್ಲಿ ಮಗು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೆಟ್ಟಿಲ ತುದಿಗೋ ಒಲೆಯ ಹತ್ತಿರಕ್ಕೋ ಹೋಗಿಬಿಡುತ್ತದೆ. ದೊಡ್ಡವರು ಅದೇ ಕೋಣೆಯಲ್ಲಿದ್ದರೂ ಹಿಡಿಯಲು ಸಮಯ ಸಿಗುವುದಿಲ್ಲ. ಅದು ನಡಿಗೆಯನ್ನು ಬೇಗ ತರುವುದೂ ಇಲ್ಲ. ಮಗು ಬೆರಳ ತುದಿಯಲ್ಲಿ ನೆಲ ತಳ್ಳುತ್ತದೆ, ತೂಗಿಸಿಕೊಳ್ಳುವ ಕೆಲಸವನ್ನು ವಾಕರೇ ಮಾಡಿಬಿಡುತ್ತದೆ, ತನ್ನ ಪಾದ ತನಗೇ ಕಾಣುವುದಿಲ್ಲ.

ಹಿಂದೆ ನಿಂತು ತಳ್ಳುವ ಮರದ ಗಾಡಿ ಬೇರೆ. ಚನ್ನಪಟ್ಟಣದ ಕಡೆ ಮಾಡುವ ಬಣ್ಣದ ಗಾಡಿಗಳಾಗಲಿ, ಬಡಗಿಯಿಂದ ಮಾಡಿಸಿದ ಮೂರು ಗಾಲಿಯದಾಗಲಿ, ಹಿಡಿದು ನಿಲ್ಲಲು ಚೆನ್ನಾಗಿ ಬಂದ ಮಗುವಿಗೆ ಸಂತೋಷದ ಆಟ. ಗಾಡಿ ಹಗುರವಾಗಿದ್ದರೆ ಮುಂದಕ್ಕೆ ಓಡಿಬಿಡುತ್ತದೆ. ಅದರಲ್ಲಿ ಒಂದೆರಡು ದಪ್ಪ ಪುಸ್ತಕ ಹೇರಿ, ಹತ್ತಿರವೇ ಇರಿ.

ಬರಿಗಾಲು, ಡೈಪರ್, ಗೆಜ್ಜೆ

ಮನೆಯೊಳಗೆ ಬರಿಗಾಲೇ ಮೇಲು. ಪಾದ ನೆಲವನ್ನು ಮುಟ್ಟಿ ತಿಳಿಯಬೇಕು, ಬೆರಳು ಹಿಡಿತ ಸಾಧಿಸಬೇಕು. ಬರೀ ಕಾಲುಚೀಲ ಹಾಕಿದರೆ ಜಾರುತ್ತದೆ. ಹೊರಗೆ ಮಾತ್ರ ಚಪ್ಪಲಿ ಅಥವಾ ಶೂ ಸಾಕು. ಅಡಿ ಮೆದುವಾಗಿ ಬಾಗಬೇಕು, ಜಾರಬಾರದು, ಬೆರಳ ಮುಂದೆ ಸ್ವಲ್ಪ ಜಾಗ ಇರಬೇಕು. ಪೀಂ ಪೀಂ ಎನ್ನುವ ಗಟ್ಟಿ ಅಡಿಯ ಶೂ ನೋಡಲು ಚೆಂದ, ಕಲಿಯುವ ಕಾಲಿಗೆ ಅಡ್ಡಿ.

ಒದ್ದೆಯಾಗಿ ದಪ್ಪನಾದ ಡೈಪರ್ ಇದ್ದಾಗ ಮಗು ಕಾಲು ಇನ್ನಷ್ಟು ಅಗಲಿಸಿ ನಡೆಯುತ್ತದೆ, ಹೆಚ್ಚು ಬೀಳುತ್ತದೆ. ಹಗಲಲ್ಲಿ ಸ್ವಲ್ಪ ಹೊತ್ತು ಡೈಪರ್ ಬಿಚ್ಚಿ ಬಿಡಿ. ಗೆಜ್ಜೆಯ ಸದ್ದು ಮನೆಗೆ ಹಬ್ಬ ತರುತ್ತದೆ, ನಿಜ. ಆದರೆ ಗೆಜ್ಜೆಯ ಕಾಳು ಸಡಿಲವಾಗಿವೆಯೇ ಎಂದು ಆಗಾಗ ಎಳೆದು ನೋಡಿ. ಉದುರಿದ ಒಂದು ಕಾಳು ಬಾಯಿಗೆ ಹೋದರೆ ಉಸಿರಿಗೇ ಸಂಚಕಾರ.

ಮನೆಯನ್ನು ಮಗುವಿನ ಎತ್ತರದಿಂದ ನೋಡಿ

ಅಡಾಲ್ಫ್ ಅವರ ಇನ್ನೊಂದು ಅಧ್ಯಯನ ಎಲ್ಲ ಮನೆಯವರಿಗೂ ಗೊತ್ತಿರಬೇಕು. ಇಳಿಜಾರಿನ ಹಲಗೆಯ ಮೇಲೆ ಮಕ್ಕಳನ್ನು ಬಿಟ್ಟು ನೋಡಿದಾಗ, ವಾರಗಟ್ಟಲೆ ಅಂಬೆಗಾಲಿಟ್ಟು ಅನುಭವವಾದ ಮಕ್ಕಳು ಕಡಿದಾದ ಇಳಿಜಾರನ್ನು ಕಂಡು ಹಿಂಜರಿಯುತ್ತಿದ್ದವು. ಅವೇ ಮಕ್ಕಳು ನಡೆಯಲು ಶುರು ಮಾಡಿದಾಗ ಅದೇ ಇಳಿಜಾರಿಗೆ ನೇರ ಕಾಲಿಟ್ಟವು. ಅಂಬೆಗಾಲಿನಲ್ಲಿ ಕಲಿತ ಎಚ್ಚರ ನಡಿಗೆಗೆ ದಾಟುವುದಿಲ್ಲ. ಅದನ್ನು ಹೊಸದಾಗಿಯೇ ಕಲಿಯಬೇಕು. ಹೋದ ತಿಂಗಳು ಮೆಟ್ಟಿಲ ಅಂಚಿಗೆ ಬಂದು ನಿಲ್ಲುತ್ತಿದ್ದ ಮಗು ಈ ತಿಂಗಳೂ ನಿಲ್ಲುತ್ತದೆ ಎಂದು ನಂಬಬೇಡಿ. ಮೊದಲ ಹೆಜ್ಜೆ ಬಿದ್ದ ವಾರವೇ ಮನೆಯನ್ನು ಮತ್ತೊಮ್ಮೆ ಸುತ್ತಿ ನೋಡಬೇಕು.

ಒಮ್ಮೆ ನೀವೇ ಮಂಡಿಯೂರಿ ಕೋಣೆ ಕೋಣೆ ಸುತ್ತಿ. ನಿಂತಾಗ ಕಾಣದ ಎಷ್ಟೋ ಅಪಾಯ ಕಣ್ಣಿಗೆ ಬೀಳುತ್ತವೆ.

- ನೀರು: ಬಚ್ಚಲಲ್ಲಿ ನೀರು ತುಂಬಿಟ್ಟ ಬಕೆಟ್ ಎಲ್ಲಕ್ಕಿಂತ ದೊಡ್ಡ ಅಪಾಯ. ಮಗುವಿಗೆ ತಲೆಯೇ ಭಾರ; ಬಗ್ಗಿ ಮುಳುಗಿದರೆ ಮತ್ತೆ ಮೇಲೇಳಲಾರದು, ಸದ್ದೂ ಆಗದು. ಬಕೆಟ್ ಬರಿದು ಮಾಡಿ ಕವುಚಿಡಿ, ಬಚ್ಚಲ ಬಾಗಿಲು ಹಾಕಿರಿ. ಸಂಪಿನ ಮುಚ್ಚಳಕ್ಕೆ ಬೀಗ ಇರಲಿ.
- ಅಡುಗೆಮನೆ: ಈಳಿಗೆಮಣೆಯನ್ನು ಕೆಲಸವಾದ ಕ್ಷಣ ಮಡಿಸಿ ಎತ್ತಿಡಿ. ಬಿಸಿ ಸಾರಿನ ಪಾತ್ರೆ, ಗಂಜಿ ಬಸಿದ ನೀರು ನೆಲದ ಮೇಲೆ ಬೇಡ. ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ವೈರ್ ಜೋತು ಬೀಳದಿರಲಿ. ಮೇಜಿನ ಹೊದಿಕೆ ತೆಗೆದುಬಿಡಿ. ಮಗು ಅದನ್ನೇ ಹಿಡಿದು ಏಳಲು ನೋಡುತ್ತದೆ.
- ವಿಷ, ನುಂಗುವ ವಸ್ತು: ಸೀಮೆಎಣ್ಣೆ, ಫಿನಾಯಿಲ್, ಆಸಿಡ್, ಸೊಳ್ಳೆ ಔಷಧ, ಅಜ್ಜನ ಬಿಪಿ ಮಾತ್ರೆ ಎಲ್ಲವೂ ಎತ್ತರದಲ್ಲಿರಲಿ. ನೀರಿನ ಬಾಟಲಿಯಲ್ಲಿ ಇವನ್ನು ತುಂಬಿಡಲೇಬೇಡಿ. ರಿಮೋಟ್, ಆಟಿಕೆಗಳಲ್ಲಿರುವ ಗುಂಡಿಯಂಥ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಆ ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಓಡಿ.
- ಬೀಳುವುದು: ಮೆಟ್ಟಿಲಿಗೆ ಮೇಲೂ ಕೆಳಗೂ ಅಡ್ಡಗೇಟು ಇರಲಿ. ಟಿವಿ, ಪುಸ್ತಕದ ಕಪಾಟನ್ನು ಗೋಡೆಗೆ ಬಿಗಿಯಿರಿ. ಬಾಲ್ಕನಿಯಲ್ಲಿ ಹತ್ತಲು ಆಗುವ ಕುಂಡ, ಸ್ಟೂಲ್ ಇಡಬೇಡಿ.
- ದೇವರ ಮನೆ: ನೆಲದ ಮೇಲಿನ ದೀಪ, ಊದುಬತ್ತಿಯನ್ನು ಕೆಲವು ತಿಂಗಳು ಮೇಲಕ್ಕೆ ಏರಿಸಿ.

ಬಿಸಿ ನೀರೋ ಸಾರೋ ಬಿದ್ದರೆ ತಣ್ಣನೆಯ ನಲ್ಲಿ ನೀರನ್ನು ಇಪ್ಪತ್ತು ನಿಮಿಷ ಹರಿಯಬಿಡಿ. ಟೂತ್‌ಪೇಸ್ಟ್, ಶಾಯಿ, ಐಸ್ ಏನೂ ಬೇಡ. ಆಮೇಲೆ ಆಸ್ಪತ್ರೆಗೆ.

ಬಿದ್ದಾಗ

ನಿಂತಲ್ಲಿಂದ ಕುಕ್ಕರಿಸಿ ಬಿದ್ದರೆ ಮಗುವಿಗೆ ಪೆಟ್ಟಾಗುವುದು ಅಪರೂಪ. ಎಷ್ಟೋ ಸಲ ಅದು ಬಿದ್ದ ಮೇಲೆ ನಿಮ್ಮ ಮುಖ ನೋಡಿ ಅಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ನೀವು ಕಿರುಚದೆ ನಗುಮುಖದಿಂದ "ಏಳು ಕಂದ" ಎಂದರೆ ಎದ್ದು ಹೊರಟುಬಿಡುತ್ತದೆ.

ಮಂಚ, ಮೆಟ್ಟಿಲು, ಮೇಜಿನಂಥ ಎತ್ತರದಿಂದ ತಲೆಗೆ ಪೆಟ್ಟು ಬಿದ್ದರೆ ವೈದ್ಯರಿಗೆ ತೋರಿಸಿ, ಒಂದು ದಿನವಿಡೀ ಗಮನಿಸಿ. ಪ್ರಜ್ಞೆ ತಪ್ಪುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತವೋ ನೀರೋ ಸೋರುವುದು, ಸಮಾಧಾನವಾಗದ ಅಳು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಕಾಲು ಸೊಟ್ಟ ಇದೆಯಲ್ಲ?

ಎರಡು ವರ್ಷದವರೆಗೆ ಬಿಲ್ಲಿನಂತೆ ಹೊರಗೆ ಬಾಗಿದ ಕಾಲು ಸಹಜ. ಮೂರು-ನಾಲ್ಕು ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವಂತಾಗಿ, ಏಳರ ಹೊತ್ತಿಗೆ ಸರಿಹೋಗುತ್ತದೆ. ಅಂಗಾಲಿನ ಕೊಬ್ಬಿನಿಂದ ಪಾದ ಚಪ್ಪಟೆಯಾಗಿ ಕಾಣುವುದೂ ಸಹಜವೇ. ಆದರೆ ಬಾಗು ದಿನೇ ದಿನೇ ಹೆಚ್ಚಾಗುತ್ತಿದ್ದರೆ, ಒಂದೇ ಕಾಲಿಗಿದ್ದರೆ, ಮಣಿಕಟ್ಟು ದಪ್ಪವಾಗಿದ್ದರೆ ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್ ಇದೆಯೇ ಎಂದು ಪರೀಕ್ಷಿಸಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

- ಒಂಬತ್ತು ತಿಂಗಳು ದಾಟಿದರೂ ಆಸರೆಯಿಲ್ಲದೆ ಕೂರದಿದ್ದರೆ
- ವರ್ಷ ತುಂಬಿದರೂ ಹಿಡಿದು ನಿಲ್ಲದಿದ್ದರೆ, ಕಾಲಿಗೆ ಭಾರ ಕೊಡದಿದ್ದರೆ
- 18 ತಿಂಗಳಾದರೂ ಒಂಟಿಯಾಗಿ ನಡೆಯದಿದ್ದರೆ
- ಮೈ ತೀರಾ ಮೆತ್ತಗೆ ಅಥವಾ ಬಿರುಸಾಗಿದ್ದರೆ, ಸದಾ ತುದಿಗಾಲಲ್ಲೇ ನಡೆದರೆ
- ವರ್ಷದೊಳಗೇ ಒಂದೇ ಕೈಯನ್ನು ಬಳಸುತ್ತಿದ್ದರೆ, ಒಂದು ಕಡೆಗೆ ಕುಂಟಿದರೆ, ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಕಂಡರೆ
- ಬರುತ್ತಿದ್ದ ಕೆಲಸವನ್ನು ಮಗು ಮರೆತುಬಿಟ್ಟರೆ. ಇದಕ್ಕೆ ಕಾಯುವ ಮಾತೇ ಇಲ್ಲ, ಕೂಡಲೇ ತೋರಿಸಿ
- ನಡಿಗೆಯ ಜೊತೆಗೆ ಮಾತು, ಕಿವಿ, ಕಣ್ಣಿನ ಬಗ್ಗೆಯೂ ಅನುಮಾನವಿದ್ದರೆ

ಸೊಂಟದ ಕೀಲು ಹುಟ್ಟಿನಿಂದಲೇ ಜಾರಿರುವುದು, ಸ್ನಾಯುಗಳ ಕಾಯಿಲೆ, ಮೆದುಳಿಗೆ ಆದ ಪೆಟ್ಟು, ಥೈರಾಯ್ಡ್ ಕೊರತೆ ಹೀಗೆ ಕಾರಣ ಏನೇ ಇರಲಿ, ಬೇಗ ಗೊತ್ತಾದಷ್ಟೂ ಮಗುವಿಗೆ ಅನುಕೂಲ. ಎಳೆಯ ವಯಸ್ಸಿನಲ್ಲಿ ಶುರುವಾದ ಫಿಸಿಯೋಥೆರಪಿ ಕೊಡುವ ಫಲವನ್ನು ತಡವಾಗಿ ಶುರುವಾದದ್ದು ಕೊಡಲಾರದು.

ಇದಕ್ಕೆ ದುಡ್ಡು ಸುರಿಯಬೇಕಾಗಿಯೂ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಬೆಳವಣಿಗೆಯಲ್ಲಿ ಹಿಂದಿರುವ ಮಕ್ಕಳಿಗೆ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಗಳಲ್ಲಿ ಉಚಿತ ತಪಾಸಣೆ, ಚಿಕಿತ್ಸೆ ಇದೆ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಒಂಬತ್ತನೇ ತಿಂಗಳಿಗೊಮ್ಮೆ, ಮತ್ತೆ 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ ದಡಾರ-ರುಬೆಲ್ಲಾ ಲಸಿಕೆಗೆ ಹೇಗೂ ಹೋಗುತ್ತೀರಿ. ಸೂಜಿ ಚುಚ್ಚಿಸಿ ಮರಳುವ ಮುನ್ನ ತಾಯಿ ಕಾರ್ಡ್ ತೆರೆದು, ಮಗು ಈಗ ಏನೇನು ಮಾಡುತ್ತಿದೆ ಎಂದು ವೈದ್ಯರಿಗೋ ದಾದಿಗೋ ವಿವರವಾಗಿ ಹೇಳಿ. ಮೊಬೈಲಿನಲ್ಲಿ ಮಗು ಓಡಾಡುವ ಒಂದು ನಿಮಿಷದ ವಿಡಿಯೊ ಇದ್ದರೆ ಅದನ್ನೂ ತೋರಿಸಿ. ಆಸ್ಪತ್ರೆಯಲ್ಲಿ ಹೆದರಿ ಮುದುರುವ ಮಗುವಿನ ನಿಜವಾದ ನಡೆ ಅದರಲ್ಲಿ ಕಾಣುತ್ತದೆ. 18 ತಿಂಗಳ ಗಡಿಯೊಳಗೆ ನೆಂಟರ ಮಾತಿಗೆ ಕಿವಿಗೊಟ್ಟು ಕೊರಗಬೇಡಿ. ಆ ಗಡಿ ದಾಟಿದ ಮೇಲೆ "ಇವರಪ್ಪನೂ ತಡವಾಗಿಯೇ ನಡೆದಿದ್ದ" ಎಂಬ ಸಮಾಧಾನಕ್ಕೆ ಸುಮ್ಮನೆ ಕೂರಲೂಬೇಡಿ.